ಮರ ಉಳಿಯಿತು, ಅಂಟು ಬಂತು

ಹೊಸ ಮನೆಗೆ ವಾರ್ಡ್‌ರೋಬ್ ಮಾಡಿಸಲು ಬೆಂಗಳೂರಿನಲ್ಲಿ ನಾಲ್ಕು ಅಂಗಡಿ ಸುತ್ತಿದರೆ ನಾಲ್ಕೂ ಕಡೆ ‘ಇಕೋ ಫ್ರೆಂಡ್ಲಿ’ ಮಾಲೇ ಸಿಗುತ್ತದೆ. ತೇಗದವರು ಹೇಳುತ್ತಾರೆ, ನಮ್ಮದು ಅಪ್ಪಟ ಮರ, ಕೊನೆಗೆ ಮಣ್ಣಿಗೆ ಸೇರುತ್ತೆ ಅಂತ. ಪ್ಲೈವುಡ್‌ನವರದು ರೈತರು ಬೆಳೆದ ಮರ, ಕಾಡಿನದ್ದಲ್ಲ. ಪಾರ್ಟಿಕಲ್ ಬೋರ್ಡ್‌ನವರು ಚೂರುಪಾರು ಬಳಸುತ್ತಾರೆ, ಏನೂ ವ್ಯರ್ಥವಾಗುವುದಿಲ್ಲ. ಸ್ಟೀಲ್ ಬೀರುವಿನವರು ಒಂದು ಮರವನ್ನೂ ಕಡಿದಿಲ್ಲ. ಕಷ್ಟ ಏನೆಂದರೆ, ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ.

ಒಂದೊಂದು ಉತ್ತರವೂ ಒಂದೊಂದು ಕಾಲದ ಪ್ರಶ್ನೆಗೆ ಹುಟ್ಟಿದ್ದು. ಒಂದು ಕಾಲಕ್ಕೆ ಪ್ರಶ್ನೆ ಕಾಡಿನದಾಗಿತ್ತು. ಆಮೇಲೆ ರೈತನ ಹೊಲದ ಮರದ್ದಾಯಿತು. ಈಗ ಅದು ಅಂಟಿನ ಹತ್ತಿರ ಬಂದು ನಿಂತಿದೆ. ಅಂಗಡಿಯವರು ತಮಗೆ ಹೊಂದುವ ಪ್ರಶ್ನೆಯನ್ನು ಆರಿಸಿಕೊಳ್ಳುತ್ತಾರೆ, ಅಷ್ಟೆ.

ಕಾಡಿನ ಕಥೆಯನ್ನು ಬೇಗ ಮುಗಿಸೋಣ. 1840ರ ದಶಕದಲ್ಲಿ ಬ್ರಿಟಿಷರು ಕೇರಳದ ನಿಲಂಬೂರಿನಲ್ಲಿ ತೇಗದ ನೆಡುತೋಪು ಬೆಳೆಸಿದರು. 1864ರಲ್ಲಿ ಅರಣ್ಯ ಇಲಾಖೆ ಬಂತು. ಹಡಗಿಗೆ, ರೈಲು ಹಳಿಯ ಸ್ಲೀಪರ್‌ಗೆ ಮರ ಹೋಯಿತು. ಸ್ವಾತಂತ್ರ್ಯ ಬಂದ ಮೇಲೆ ಕಾಗದ, ಬೆಂಕಿಪೊಟ್ಟಣ, ಪ್ಲೈವುಡ್ ಕಾರ್ಖಾನೆಗಳು ಎದ್ದವು. ಕಾಡಿನ ಮರ, ಬಿದಿರು ಅವುಗಳಿಗೆ ಪುಡಿಗಾಸಿಗೆ ಸಿಕ್ಕಿತು. ಅದೇ ಬಿದಿರಿಗೆ ಬುಟ್ಟಿ ಹೆಣೆಯುವ ಮೇದಾರರು ಸಂತೆಯ ಬೆಲೆ ತೆರಬೇಕಿತ್ತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯವರು ಕಳಸೆ ಕಾಡಿಗೆ ಹೋಗಿ ಮರ ತಬ್ಬಿಕೊಂಡು ನಿಂತರು. ಅಪ್ಪಿಕೋ ಚಳವಳಿ ಶುರುವಾಗಿದ್ದು ಅಲ್ಲಿಂದ. 1990ರ ಹೊತ್ತಿಗೆ ನಮ್ಮ ಪಶ್ಚಿಮಘಟ್ಟದ ಸಹಜ ಕಾಡಿನಲ್ಲಿ ಹಸಿ ಮರಕ್ಕೆ ಕೊಡಲಿ ಹಾಕುವುದು ನಿಂತಿತು. ಅದಕ್ಕೂ ಮುಂಚೆ, 1988ರ ರಾಷ್ಟ್ರೀಯ ಅರಣ್ಯ ನೀತಿ ಕಾರ್ಖಾನೆಗಳಿಗೆ ಒಂದು ಮಾತು ಹೇಳಿತ್ತು: ನಿಮಗೆ ಬೇಕಾದ ಮರವನ್ನು ರೈತರ ಜೊತೆ ಸೇರಿ ನೀವೇ ಬೆಳೆಸಿಕೊಳ್ಳಿ.

ಆ ಮಾತು ಬಹುಕಾಲ ಕಾಗದದ ಮೇಲೇ ಇತ್ತು. ಅದಕ್ಕೆ ಬಲ ಬಂದಿದ್ದು 1996ರ ಡಿಸೆಂಬರ್ 12ರಂದು. ನಿಲಂಬೂರು ಕೋವಿಲಗಂ ಮನೆತನದ ಟಿ.ಎನ್. ಗೋದವರ್ಮನ್ ತಿರುಮುಲ್ಪಾಡ್ ಅವರು ತಮಿಳುನಾಡಿನ ಗೂಡಲೂರಿನಲ್ಲಿ ಮರ ಉರುಳುತ್ತಿದ್ದುದನ್ನು ಕಂಡು ಹಿಂದಿನ ವರ್ಷ ಸುಪ್ರೀಂ ಕೋರ್ಟ್‌ಗೆ ಹೋಗಿದ್ದರು. ಕೋರ್ಟಿನ ಆದೇಶ ಗೂಡಲೂರಿಗೆ ನಿಲ್ಲಲಿಲ್ಲ. ಇಡೀ ದೇಶದಲ್ಲಿ, ಸರ್ಕಾರದ ಒಪ್ಪಿಗೆ ಪಡೆದ ಅರಣ್ಯ ಕಾರ್ಯಯೋಜನೆಯ ಹೊರಗೆ ಕಾಡಿನ ಮರ ಕಡಿಯುವಂತಿಲ್ಲ ಎಂದಿತು. ಅನುಮತಿ ಇಲ್ಲದೆ ಕಾಡಿನಲ್ಲಿ ನಡೆಯುತ್ತಿದ್ದ ಸಾಮಿಲ್, ವಿನೀರ್ (ಮರದ ತೆಳು ಹಾಳೆ), ಪ್ಲೈವುಡ್ ಮಿಲ್‌ಗಳು ಬಾಗಿಲು ಹಾಕಬೇಕಾಯಿತು. ಈಶಾನ್ಯ ರಾಜ್ಯಗಳಿಂದ ಮರ ಹೊರಗೆ ಸಾಗಿಸುವುದೂ ಬಂದ್ ಆಯಿತು. ಅಸ್ಸಾಂ, ಅರುಣಾಚಲದ ದಪ್ಪ ದಿಮ್ಮಿಗಳನ್ನು ನಂಬಿದ್ದ ಉದ್ಯಮ ಒಂದೇ ಏಟಿಗೆ ಕೂತುಬಿಟ್ಟಿತು.

ಹಾಗಾದರೆ ಈಗ ನಮ್ಮ ಕಪಾಟಿನೊಳಗೆ ಇರುವ ಮರ ಎಲ್ಲಿಯದು? ಎರಡು ದಾರಿಯಲ್ಲಿ ಬಂದದ್ದು. ಒಂದು ಹಡಗಿನ ದಾರಿ. ಮಲೇಷ್ಯಾ, ಮ್ಯಾನ್ಮಾರ್‌ನಿಂದ ದಿಮ್ಮಿಗಳು ಕಾಂಡ್ಲಾಕ್ಕೆ, ನಮ್ಮ ಮಂಗಳೂರು ಬಂದರಿಗೆ ಬಂದು ಬಿದ್ದವು. ಪ್ಲೈ ಅಂಗಡಿಯವರು ಮೇಲಿನ ಹಾಳೆ ತೋರಿಸಿ ‘ಗರ್ಜನ್ ಫೇಸ್’ ಎಂದು ಹೆಮ್ಮೆಯಿಂದ ಹೇಳುತ್ತಾರಲ್ಲ, ಆ ಗರ್ಜನ್ ಹೆಚ್ಚಾಗಿ ಮ್ಯಾನ್ಮಾರ್ ಕಾಡಿನದು. 2014ರ ಏಪ್ರಿಲ್‌ನಲ್ಲಿ ಆ ದೇಶ ದಿಮ್ಮಿ ರಫ್ತು ನಿಲ್ಲಿಸಿತು. ಆಮೇಲೆ ಆಫ್ರಿಕಾದ ಗೆಬಾನ್‌ನ ಒಕೂಮೆ ಮರ ಜಾಸ್ತಿಯಾಯಿತು. ಗೆಬಾನ್ 2010ರಲ್ಲೇ ದಿಮ್ಮಿ ಕೊಡುವುದನ್ನು ಬಿಟ್ಟಿದ್ದರಿಂದ ಅದು ಬರುತ್ತಿದ್ದುದು ತೆಳು ಹಾಳೆಯಾಗಿ. ನಮ್ಮ ಕಾಡು ಉಳಿಯಿತು, ನಿಜ. ಆದರೆ ಅದರ ಲೆಕ್ಕದ ಒಂದು ಪಾಲನ್ನು ಬೇರೆಯವರ ಕಾಡು ಕಟ್ಟಿತು. ‘ಸುಸ್ಥಿರ’ ಎಂಬ ಪಟ್ಟಿ ಅಂಟಿಸುವಾಗ ಈ ಭಾಗವನ್ನು ಯಾರೂ ಜಾಸ್ತಿ ಕೆದಕುವುದಿಲ್ಲ.

ಇನ್ನೊಂದು ಹೊಲದ ದಾರಿ. ಹರಿಯಾಣದ ಯಮುನಾನಗರದ ಸುತ್ತ ರೈತರು ಗೋಧಿ, ಕಬ್ಬಿನ ನಡುವೆ ಪಾಪ್ಲರ್ ಬೆಳೆದರು, ನೀಲಗಿರಿ ಬೆಳೆದರು. ಆರೇಳು ವರ್ಷಕ್ಕೆ ಮರ ಕಟಾವಿಗೆ ಬರುತ್ತದೆ. ಕೇರಳದ ಪೆರುಂಬಾವೂರಿನಲ್ಲಿ ರಬ್ಬರ್ ಮರ ಕೈ ಹಿಡಿಯಿತು. ಇಪ್ಪತ್ತೈದು ಮೂವತ್ತು ವರ್ಷ ಹಾಲು ಕೊಟ್ಟು ಮುಗಿದ ರಬ್ಬರ್ ಮರ ಮೊದಲು ಬರೀ ಸೌದೆಯಾಗುತ್ತಿತ್ತು. ಕಡಿದ ಕೂಡಲೇ ಬೂಸ್ಟು, ಕುಟ್ಟೆ ಹುಳು. ಬೋರಾಕ್ಸ್ ದ್ರಾವಣ ಹೀರಿಸಿ ಒಲೆಯಲ್ಲಿ ಒಣಗಿಸುವುದು ರೂಢಿಯಾದ ಮೇಲೆ ಅದೇ ಮರ ಊಟದ ಮೇಜಾಯಿತು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ಜಾಣ ಕೆಲಸ ಇದೇ.

ನಮ್ಮಲ್ಲಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದ ಸಿಲ್ವರ್ ಓಕ್ ಪ್ಲೈ ಮಿಲ್‌ಗೆ ಹೋಯಿತು. ಇಲ್ಲೊಂದು ಕ್ಷಣ ನಿಲ್ಲಬೇಕು. ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ. ಹೊನ್ನೆ, ಮತ್ತಿ, ಹಲಸು, ಬೀಟೆ ಬೆಳೆಯುವ ನೆಲದಲ್ಲಿ ಅದೇ ಯಾಕೆ ಇಷ್ಟೊಂದು? ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸಲು ನೆಟ್ಟಗಿರುತ್ತೆ ಎನ್ನುವುದು ಅರ್ಧ ಕಾರಣ. ಇನ್ನರ್ಧ ಕಾನೂನು. 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಸಿಲ್ವರ್ ಓಕ್, ನೀಲಗಿರಿ, ಗಾಳಿಮರ, ರಬ್ಬರ್‌ಗಳಿಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಕೊಟ್ಟಿದೆ. ಹೊನ್ನೆಗೆ, ಬೀಟೆಗೆ ಅರ್ಜಿ ಹಾಕಬೇಕು, ಪರಿಶೀಲನೆಗೆ ಕಾಯಬೇಕು, ಸಾಗಿಸಲು ಪಾಸು ಬೇಕು. ತಾನೇ ನೆಟ್ಟ ಮರಕ್ಕೆ ತಾನೇ ಕಚೇರಿ ಅಲೆಯುವುದು ಯಾರಿಗೆ ಬೇಕು ಹೇಳಿ? ನಾಡಿನ ಮರವನ್ನು ಕಾಪಾಡಲು ಬಂದ ನಿಯಮವೇ ಅದನ್ನು ತೋಟದಿಂದ ಮೆಲ್ಲಗೆ ಹೊರಗೆ ತಳ್ಳಿತು. ಹಾಗಾಗಲಿ ಎಂದು ಯಾರೂ ಬಯಸಿರಲಿಲ್ಲ. ಬಿದಿರಿಗೆ ಇಂಥದ್ದೇ ಗಂಟು ಇತ್ತು. 2017ರಲ್ಲಿ 1927ರ ಅರಣ್ಯ ಕಾಯ್ದೆಯ ‘ಮರ’ದ ಪಟ್ಟಿಯಿಂದ ಅದನ್ನು ಕೈಬಿಟ್ಟ ಮೇಲೆ ರೈತನ ಬಿದಿರಿಗೆ ದಾರಿ ಸಲೀಸಾಯಿತು.

ಈಗ ಅಂಟಿನ ವಿಷಯಕ್ಕೆ ಬರೋಣ. ಅದು ನೇರವಾಗಿ ಈ ಹೊಲ, ತೋಟದ ಎಳೆ ಮರಗಳಿಂದಲೇ ಹುಟ್ಟಿದ್ದು.

ನೂರು ವರ್ಷದ ಹೊನ್ನೆಯಲ್ಲಿ ಕೆಚ್ಚು ಇರುತ್ತದೆ. ಅದನ್ನು ಹಲಗೆ ಕೊಯ್ದು ಹಾಗೇ ಬಳಸಬಹುದು. ಏಳು ವರ್ಷದ ಪಾಪ್ಲರ್‌ನಲ್ಲಿ ಕೆಚ್ಚೆಲ್ಲಿಂದ ಬರಬೇಕು? ತೆಳು ಕಾಂಡ, ಮೆದು ಮರ, ಗೆದ್ದಲಿಗೆ ಹಬ್ಬ. ಹಲಗೆ ಮಾಡಿದರೆ ಸೊಟ್ಟಗಾಗುತ್ತೆ. ಹಾಗಾಗಿ ಅದನ್ನು ಸುಲಿಯುತ್ತಾರೆ. ಪ್ಲೈ ಮಿಲ್‌ನಲ್ಲಿ ದಿಮ್ಮಿಯನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ಉದ್ದನೆಯ ಅಲಗಿಗೆ ಒತ್ತುತ್ತಾರೆ. ಮರ ಸುತ್ತಿಟ್ಟ ಚಾಪೆ ಬಿಚ್ಚಿದ ಹಾಗೆ ತೆಳು ಹಾಳೆಯಾಗಿ ಹೊರಗೆ ಬರುತ್ತಾ ಹೋಗುತ್ತದೆ. ಕೊನೆಗೆ ಉಳಿಯುವುದು ಒಂದು ಸಣ್ಣ ಕೋಲು. ಹಾಳೆಗಳನ್ನು ಒಣಗಿಸಿ, ಅಂಟಿನ ಉರುಳೆಗಳ ನಡುವೆ ತೂರಿಸಿ, ಒಂದರ ಎಳೆ ಉದ್ದಕ್ಕಿದ್ದರೆ ಮುಂದಿನದರ ಎಳೆ ಅಡ್ಡಕ್ಕೆ ಬರುವಂತೆ ಜೋಡಿಸುತ್ತಾರೆ. ಪದರಗಳ ಸಂಖ್ಯೆ ಸಾಮಾನ್ಯವಾಗಿ ಬೆಸ: ಮೂರು, ಐದು, ಏಳು. ಆಮೇಲೆ ಬಿಸಿ ಪ್ರೆಸ್ಸು. ಗೆದ್ದಲು ಹತ್ತದಂತೆ ಅಂಟಿನಲ್ಲೇ ಕೀಟನಾಶಕ ಬೆರೆಸುವುದೂ ಉಂಟು. ಅಲ್ಲಿಗೆ ಎಳೆ ಮರದ ದೌರ್ಬಲ್ಯವನ್ನೆಲ್ಲ ಅಂಟು ಹೊತ್ತುಕೊಂಡಂತಾಯಿತು.

ಅಂಟಿನಲ್ಲಿ ಮುಖ್ಯವಾಗಿ ಎರಡು ಜಾತಿ. ಯೂರಿಯಾ ಫಾರ್ಮಾಲ್ಡಿಹೈಡ್ ಅಗ್ಗ. ಫೀನಾಲ್ ಫಾರ್ಮಾಲ್ಡಿಹೈಡ್ ದುಬಾರಿ, ನೀರಿಗೆ ಜಗ್ಗುವುದಿಲ್ಲ. ಮೊದಲನೆಯದು ಸೆಕೆ, ತೇವಕ್ಕೆ ನಿಧಾನವಾಗಿ ಒಡೆದು ವರ್ಷಗಟ್ಟಲೆ ಫಾರ್ಮಾಲ್ಡಿಹೈಡ್ ಎಂಬ ಅನಿಲ ಬಿಡುತ್ತಾ ಇರುತ್ತದೆ. ಹೊಸ ಕಪಾಟಿನ ಬಾಗಿಲು ತೆರೆದಾಗ ಕಣ್ಣು ಚುರುಗುಟ್ಟುತ್ತೆ, ಅಲ್ವಾ? ಅದರಲ್ಲಿ ಇದರದ್ದೂ ಪಾಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಈ ಅನಿಲವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಎರಡನೇ ಜಾತಿಯ ಅಂಟು ಗಟ್ಟಿಯಾದ ಮೇಲೆ ಬಹಳ ಕಡಿಮೆ ಬಿಡುತ್ತದೆ.

ನಮ್ಮ ಮನೆಗಳಲ್ಲಿ ಆಗುವುದು ನೋಡಿ. ಅಡುಗೆಮನೆಗೆ ನೀರು ಬೀಳುತ್ತೆ ಎಂದು ಹೆಚ್ಚಾಗಿ ಫೀನಾಲ್ ಅಂಟಿನ ‘ವಾಟರ್‌ಪ್ರೂಫ್’ ಪ್ಲೈ ಹಾಕಿಸುತ್ತೇವೆ. ಮಲಗುವ ಕೋಣೆ ಒಣ ಜಾಗ, ಅಲ್ಲಿ ಯೂರಿಯಾ ಅಂಟಿನ ‘ಕಮರ್ಷಿಯಲ್’ ಸಾಕು ಅನ್ನುತ್ತೇವೆ. ಅಂದರೆ ಕಿಟಕಿ ಮುಚ್ಚಿಕೊಂಡು ಏಳೆಂಟು ಗಂಟೆ ಉಸಿರಾಡುವ ಕೋಣೆಗೇ ಜಾಸ್ತಿ ಅನಿಲ ಬಿಡುವ ಮಾಲು. ಇತ್ತೀಚೆಗೆ ಜಾಹೀರಾತುಗಳಲ್ಲಿ ‘ಇ1’, ‘ಇ0’ ಕಾಣುತ್ತವೆ. ಹಲಗೆ ಎಷ್ಟು ಫಾರ್ಮಾಲ್ಡಿಹೈಡ್ ಬಿಡುತ್ತದೆ ಎಂದು ಹೇಳುವ ಗುರುತುಗಳಿವು. ಇ1 ಯುರೋಪಿನ ಮಾನಕದ ದರ್ಜೆ. ಇ0 ಅದರಲ್ಲಿ ಇಲ್ಲ. ಬೇರೆ ಕಡೆಯ ಬಳಕೆಯಿಂದ ವ್ಯಾಪಾರಕ್ಕೆ ಬಂದು ಸೇರಿಕೊಂಡಿದೆ. ಸರಿಯಾದ ದರ್ಜೆಯ ಹಾಳೆಯನ್ನೇ ತಂದರೂ, ಬಡಗಿ ಕೊಯ್ದ ಅಂಚು ಮುಚ್ಚದೆ ಬಿಟ್ಟರೆ, ಕಪಾಟಿನ ಬೆನ್ನಿಗೆ ಲ್ಯಾಮಿನೇಟ್ ಹಾಕದೆ ಉಳಿಸಿದರೆ, ಅಲ್ಲಿಂದ ಅನಿಲ ಹೊರಗೆ ಬರುವುದೇ.

ಅಂಟನ್ನೇ ಬದಲಿಸುವ ಪ್ರಯತ್ನಗಳೂ ಇವೆ. ಬೆಂಗಳೂರಿನಲ್ಲಿ 1962ರಲ್ಲೇ ಪ್ಲೈವುಡ್‌ಗಾಗಿ ಒಂದು ಸಂಶೋಧನಾ ಸಂಸ್ಥೆ ಶುರುವಾಗಿತ್ತು. ಫೀನಾಲ್‌ನ ಒಂದು ಭಾಗದ ಬದಲು ಗೇರುಬೀಜದ ಸಿಪ್ಪೆಯ ಎಣ್ಣೆ, ಮರದ ನಾರುಗಳನ್ನು ಹಿಡಿದಿಡುವ ಲಿಗ್ನಿನ್ ಬಳಸುವ ಪ್ರಯೋಗಗಳು ದೇಶದಲ್ಲಿ ನಡೆದಿವೆ. ಅಮೆರಿಕದಲ್ಲಿ ಸೋಯಾ ಅಂಟಿನ ಪ್ಲೈ ಮಾರುಕಟ್ಟೆಗೂ ಬಂದಿದೆ. ನಮ್ಮ ಬೀದಿಯ ಅಂಗಡಿಗೆ ಇನ್ನೂ ಬಂದಿಲ್ಲ.

ಪಾರ್ಟಿಕಲ್ ಬೋರ್ಡ್, ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡುವ ಎಂಡಿಎಫ್ ಇದೇ ದಾರಿಯ ಮುಂದಿನ ನಿಲ್ದಾಣ. ಎರಡನೇ ಮಹಾಯುದ್ಧದ ಜರ್ಮನಿಯಲ್ಲಿ ಮರಕ್ಕೆ ಬರ ಬಂದಾಗ ಹೊಟ್ಟು, ಚಕ್ಕೆ ಒತ್ತಿ ಹಲಗೆ ಮಾಡಿದ್ದರಿಂದ ಈ ಕುಲ ಬೆಳೆಯಿತು. ಉಳಿತಾಯದ ಬುದ್ಧಿಯೇ ಅದು. ಆದರೆ ಅದರಲ್ಲಿ ಕೂರಿಸಿದ ಸ್ಕ್ರೂವನ್ನು ಒಮ್ಮೆ ಬಿಚ್ಚಿದರೆ ಎರಡನೇ ಸಲ ಅದೇ ತೂತಿನಲ್ಲಿ ಹಿಡಿಯುವುದು ಕಷ್ಟ. ಬುಡಕ್ಕೆ ನೀರು ತಗುಲಿದರೆ ಉಬ್ಬುತ್ತದೆ.

ನಾನು ಇಷ್ಟು ಹೊತ್ತು ಬರಲು ನೋಡುತ್ತಿದ್ದದ್ದು ಇಲ್ಲಿಗೇ. ಮಲೆನಾಡಿನ ಹಳೇ ಹಲಸಿನ ಮಂಚವನ್ನು ಹತ್ತಿರದಿಂದ ನೋಡಿ. ಅಡ್ಡಪಟ್ಟಿಯ ತುದಿಯನ್ನು ಸಣ್ಣಗೆ ಕೆತ್ತಿ ಕಾಲಿನ ತೂತಿಗೆ ಕೂರಿಸಿ, ಆಚೆಯಿಂದ ಬೆಣೆ ಹೊಡೆದಿರುತ್ತಾರೆ. ಮೊಳೆ ಇಲ್ಲ. ಬೆಣೆಗೆ ಹಿಂದಿನಿಂದ ನಾಲ್ಕು ಪೆಟ್ಟು ಕೊಟ್ಟರೆ ಮಂಚ ಬಿಡಿಬಿಡಿಯಾಗುತ್ತದೆ. ಗಾಡಿಗೆ ಹಾಕಿ ಇನ್ನೊಂದು ಮನೆಯಲ್ಲಿ ಮತ್ತೆ ಜೋಡಿಸಬಹುದು. ಅಂಟು ಬೇಕಾದ ಕಡೆ ಹಾಕುತ್ತಿದ್ದುದು ಮರವಜ್ರ, ಚರ್ಮ ಬೇಯಿಸಿ ಮಾಡಿದ್ದು. ಬಿಸಿ, ತೇವ ತಗುಲಿದರೆ ಅದೂ ಬಿಡುತ್ತಿತ್ತು. ಅದನ್ನು ಕೆಟ್ಟ ಗುಣ ಎಂದೇ ಎಲ್ಲರೂ ತಿಳಿದರು. ಅದರ ಜಾಗಕ್ಕೆ ಡಬ್ಬಿಯ ಬಿಳಿ ಅಂಟು ಬಂದಾಗ ‘ಬಿಡುವುದೇ ಇಲ್ಲ’ ಎನ್ನುವುದೇ ಅದರ ಹೆಗ್ಗಳಿಕೆಯಾಯಿತು.

ಇವತ್ತಿನ ವಾರ್ಡ್‌ರೋಬ್‌ನ ಮೈತುಂಬ ಅಂಟು. ಹಾಳೆ ಹಾಳೆಗೆ ಅಂಟು, ಪ್ಲೈಗೆ ಲ್ಯಾಮಿನೇಟ್ ಅಂಟು, ಅಂಚಿಗೆ ಪಟ್ಟಿ ಅಂಟು, ಕೊನೆಗೆ ಇಡೀ ಪೆಟ್ಟಿಗೆ ಗೋಡೆಗೆ ಸ್ಕ್ರೂ. ಮನೆ ಮಾರಿದರೆ ಬಂದವರು ಕೀಳಿಸುತ್ತಾರೆ. ಹಳೇ ತೇಗದ ಬಾಗಿಲಿಗೆ ಹಳೇ ಮರದ ಅಂಗಡಿಯವರು ಚೌಕಾಸಿ ಮಾಡಿಯಾದರೂ ದುಡ್ಡು ಕೊಡುತ್ತಾರೆ. ಲ್ಯಾಮಿನೇಟ್ ಹತ್ತಿದ ಹಲಗೆಯನ್ನು ಗುಜರಿಯವರು ಮುಟ್ಟುವುದಿಲ್ಲ. ಸುಟ್ಟರೆ ವಿಷದ ಹೊಗೆ, ಹೂತರೆ ಕರಗದು. ಒಣ ಮರದ ತೂಕದಲ್ಲಿ ಸುಮಾರು ಅರ್ಧ ಇಂಗಾಲ. ಕಪಾಟು ಉಳಿದಷ್ಟು ಕಾಲ ಅದು ಗಾಳಿಗೆ ಸೇರುವುದಿಲ್ಲ. ಏಳು ವರ್ಷ ಬೆಳೆದ ಮರ ಏಳು ವರ್ಷವಾದರೂ ಮನೆಯಲ್ಲಿ ನಿಲ್ಲಬೇಕಲ್ಲ?

ಬಿಚ್ಚಲು ಬರುವಂತೆ ಮಾಡುವುದು ಹೊಸ ವಿದ್ಯೆಯೇನಲ್ಲ. ವಿಯೆನ್ನಾದ ಮೈಕೆಲ್ ಥೋನೆಟ್ 1859ರಲ್ಲಿ ತಂದ ಕುರ್ಚಿಯಲ್ಲಿ ಇದ್ದದ್ದು ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಡಿಯಾಗಿ ಪೆಟ್ಟಿಗೆಯಲ್ಲಿ ಹೋಗಿ, ಮುಟ್ಟಿದ ಊರಿನಲ್ಲಿ ಜೋಡಣೆಯಾಗುತ್ತಿತ್ತು.

ನಮ್ಮಲ್ಲೇ ಬೇರೆ ದಾರಿ ಹುಡುಕಿದವರೂ ಇದ್ದಾರೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಎರಡು ದಶಕಗಳಿಂದ ಸೋಲಿಗರು ಮತ್ತು ಸುತ್ತಲಿನ ಕುಶಲಕರ್ಮಿಗಳು ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ನೆರವಿನಲ್ಲಿ ಲಂಟಾನದಿಂದ ಸೋಫಾ, ಕುರ್ಚಿ ಮಾಡುತ್ತಿದ್ದಾರೆ. ಕೋಲುಗಳನ್ನು ನೀರಿನಲ್ಲಿ ಕುದಿಸಿ, ತೊಗಟೆ ಸುಲಿದು, ಮೆತ್ತಗಿರುವಾಗಲೇ ಬಗ್ಗಿಸುತ್ತಾರೆ. ಕಾಡನ್ನು ಮುತ್ತಿದ ಪರದೇಶಿ ಪೊದೆಯೇ ಕಚ್ಚಾವಸ್ತು. ಕಡಿದಷ್ಟೂ ಕಾಡಿಗೆ ಒಳ್ಳೆಯದು. ನೀಲಗಿರಿ ಬೆಟ್ಟದ ಕಡೆಯ ಬುಡಕಟ್ಟಿನವರು ಇದೇ ಲಂಟಾನದಿಂದ ಕಟ್ಟಿದ ಆನೆಗಳನ್ನು 2024ರಲ್ಲಿ ಲಾಲ್‌ಬಾಗ್‌ನಲ್ಲಿ ಬಹಳ ಜನ ನೋಡಿದರು. ಆದರೆ ಇದೆಲ್ಲ ಕೈಕೆಲಸ. ಒಂದು ಅಪಾರ್ಟ್‌ಮೆಂಟಿನ ಕಪಾಟುಗಳಿಗೂ ಸಾಲುವುದಿಲ್ಲ.

ಇನ್ನು ಮುದ್ರೆಗಳು. 1993ರಲ್ಲಿ ಶುರುವಾದ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಎಸ್‌ಸಿಯ ಮುದ್ರೆ ಮರ ಎಲ್ಲಿಂದ ಬಂತು ಎಂದು ಹೇಳುತ್ತದೆ. 2023ರ ಕೊನೆಗೆ ಭಾರತವೂ ತನ್ನದೇ ಕಾಡು ಮತ್ತು ಮರದ ಪ್ರಮಾಣೀಕರಣ ಯೋಜನೆ ತಂದಿತು. 2025ರಿಂದ ಪ್ಲೈವುಡ್‌ಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ಕಡ್ಡಾಯವಾಗಿದೆ. ಇವು ಕಾಡಿನ ಪ್ರಶ್ನೆಗೆ, ಗುಣಮಟ್ಟದ ಪ್ರಶ್ನೆಗೆ ಉತ್ತರ. ಎಷ್ಟು ಬಾಳುತ್ತೆ, ರಿಪೇರಿಗೆ ಸಿಗುತ್ತಾ ಎಂಬ ಪ್ರಶ್ನೆಯನ್ನು ಯುರೋಪ್ ಈಗ ಎತ್ತಿಕೊಂಡಿದೆ. 2024ರಲ್ಲಿ ಜಾರಿಗೆ ಬಂದ ಅಲ್ಲಿನ ವಿನ್ಯಾಸ ನಿಯಮದ ಮೊದಲ ಪಟ್ಟಿಯಲ್ಲೇ ಪೀಠೋಪಕರಣ ಇದೆ. ಜೋಧಪುರ, ಸಹಾರನ್‌ಪುರದ ರಫ್ತುದಾರರಿಗೆ ಅದರ ಬಿಸಿ ಇವತ್ತಲ್ಲ ನಾಳೆ ತಟ್ಟುತ್ತದೆ. ನಮ್ಮ ಊರಿನ ಕೆಲಸಕ್ಕೆ ಅಂಥ ನಿಯಮವಿಲ್ಲ. ಹಲಗೆಗಳನ್ನು ಬಿಚ್ಚಿ ಜೋಡಿಸಲು ಬರುವ ‘ಮಿನಿಫಿಕ್ಸ್’ ಎಂಬ ಲೋಹದ ಕೊಂಡಿ ಇಲ್ಲಿನ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತದೆ, ಹಾಕಲು ಬರುವ ಬಡಗಿಗಳೂ ಇದ್ದಾರೆ. ಆದರೆ ಇಂಟೀರಿಯರ್‌ನವರ ಕೊಟೇಶನ್ ನೋಡಿ: ದರ ಚದರ ಅಡಿಗೆ ಇಷ್ಟು ಎಂದಿರುತ್ತದೆ. ಹಲಗೆಗೆ ದುಡ್ಡುಂಟು, ಲ್ಯಾಮಿನೇಟ್‌ಗೆ ಉಂಟು. ಎರಡು ಹಲಗೆ ಸೇರುವ ಜಾಗಕ್ಕೆ ಅದರಲ್ಲಿ ಸಾಲೇ ಇಲ್ಲ.