ಹಿಮಾಲಯದ ಕಾಡು ಉಳ್ಳಾಗಡ್ಡಿಗೆ ಹೆಸರು ತಡವಾಗಿ ಸಿಗುವುದೇಕೆ?

ಹಿಮಾಲಯದಲ್ಲಿ ಹೊಸ ಕಾಡು ಉಳ್ಳಾಗಡ್ಡಿ ಸಿಕ್ಕಿತೆಂಬ ಸುದ್ದಿ ಓದಿದ ಗದಗಿನ ಕಡೆಯವರಿಗೆ ಕಪ್ಪತಗುಡ್ಡದ ಅಡವಿ ಉಳ್ಳಾಗಡ್ಡಿ ನೆನಪಾಗುವುದು ಸಹಜ. ಎರಡೂ ಬೇರೆ. ಗುಡ್ಡದ್ದು ಡ್ರಿಮಿಯಾ ಇಂಡಿಕಾ. ಕೊಯ್ದರೆ ಉಳ್ಳಾಗಡ್ಡಿಯ ಘಾಟು ಬರುವುದಿಲ್ಲ. ಎಲೆಗಿಂತ ಮೊದಲೇ ಉದ್ದನೆಯ ದಂಟು ಎದ್ದು, ಅದರುದ್ದಕ್ಕೂ ಹೂ ಬಿಡುತ್ತದೆ. ಹೃದಯದ ಬಡಿತ ಕೆಡಿಸುವ ವಿಷವಿರುವುದರಿಂದ ಬಾಯಿಗೆ ಹಾಕಲೇಬಾರದು. ನಿಜವಾದ ಉಳ್ಳಾಗಡ್ಡಿಯ ಕುಲ ಆಲಿಯಂ. ಅದರ ಹೂಗಳೆಲ್ಲ ದಂಟಿನ ತುದಿಯಲ್ಲೇ ಗೊಂಚಲಾಗುತ್ತವೆ.

ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1753ರಲ್ಲಿ ಈ ಕುಲದಲ್ಲಿ ಪಟ್ಟಿ ಮಾಡಿದ್ದು ಸುಮಾರು ಮೂವತ್ತು ಪ್ರಭೇದ, ಇಂದು ಸಾವಿರದಷ್ಟಾಗಿವೆ. ನಡುವೆ ಲಿಲ್ಲಿಯ ಕುಟುಂಬದಲ್ಲಿದ್ದ ಕುಲ ಅಮರಿಲಿಡೇಸಿ ಎಂಬ ಬೇರೆ ಕುಟುಂಬಕ್ಕೆ ಹೋಯಿತು, 2006ರಲ್ಲಿ ಡಿಎನ್‌ಎ ಆಧಾರದ ಮೇಲೆ 15 ಉಪಕುಲಗಳಾಯಿತು.

ತೊಡಕು ಶುರುವಾಗುವುದು ಹರ್ಬೇರಿಯಂ ಹಾಳೆಯಲ್ಲಿ, ಅಂದರೆ ಗಿಡವನ್ನು ಒತ್ತಿ ಒಣಗಿಸಿ ಅಂಟಿಸಿಡುವ ಹಾಳೆಯಲ್ಲಿ. ಎಲೆ ಟೊಳ್ಳೋ ಚಪ್ಪಟೆಯೋ, ಕೇಸರ ಎಸಳಿಗಿಂತ ಉದ್ದವೋ ಗಿಡ್ಡವೋ, ಗಡ್ಡೆಯ ಹೊರಸಿಪ್ಪೆ ತೆಳು ಪೊರೆಯೋ ನಾರಿನ ಬಲೆಯೋ ಎಂಬುದರ ಮೇಲೆ ಪ್ರಭೇದ ನಿಂತಿದೆ. ಒತ್ತಿ ಒಣಗಿಸಿದರೆ ಟೊಳ್ಳೆಲೆಯೂ ಚಪ್ಪಟೆ, ಹೂವಿನ ಬಣ್ಣವೂ ಮಾಯ. ಅವಸರಕ್ಕೆ ಜಗ್ಗಿದರೆ ಗಡ್ಡೆ ನೆಲದಲ್ಲೇ ಉಳಿಯುತ್ತದೆ. ಗಡ್ಡೆಯಿಲ್ಲದ ಹಾಳೆ ಎಷ್ಟು ಹಳೆಯದಾದರೂ ಅರ್ಧ ಸಾಕ್ಷಿಯೇ.

ಹಾಗಾಗಿ ಸುತ್ತಲೂ ಅಗೆದು, ಬುಡದ ಬೇರುಕಾಂಡ ಸಮೇತ ಎತ್ತಬೇಕು. ಹಸಿ ಇರುವಾಗಲೇ ಎಲೆಯನ್ನು ಅಡ್ಡ ಕೊಯ್ದು ಚಿತ್ರ ತೆಗೆದು, ಹೂವಿನ ಬಣ್ಣ ಬರೆದುಕೊಳ್ಳಬೇಕು. ಡಿಎನ್‌ಎಗೆ ಒಂದು ಎಲೆತುಂಡನ್ನು ತೇವ ಹೀರುವ ಸಿಲಿಕಾ ಜೆಲ್ ಹರಳುಗಳಲ್ಲಿಟ್ಟ ಮೇಲೆಯೇ ಗಡ್ಡೆಯನ್ನು ಕುದಿನೀರಲ್ಲಿ ಅದ್ದಬೇಕು. ಇಲ್ಲವಾದರೆ ಅದು ಪ್ರೆಸ್ಸಿನೊಳಗೇ ಚಿಗುರುತ್ತದೆ. ದಪ್ಪ ಗಡ್ಡೆಯನ್ನು ಉದ್ದಕ್ಕೆ ಸೀಳಿ ಒತ್ತಬೇಕು, ಹೊರಸಿಪ್ಪೆ ಉದುರಬಾರದು. ಕೆಲವನ್ನು ಕುಂಡದಲ್ಲಿ ಬೆಳೆಸಿ, ಬೇರಿನ ತುದಿಯ ಜೀವಕೋಶಗಳಲ್ಲಿ ವರ್ಣತಂತು (ಕ್ರೋಮೋಸೋಮ್) ಎಣಿಸಬೇಕು.

ಹಿಮಾಲಯದ ಹೊಸ ಕಾಡು ಉಳ್ಳಾಗಡ್ಡಿ ಆಲಿಯಂ ನೇಗಿಯಾನಮ್ ಬಂದದ್ದೂ ಹೆಚ್ಚುಕಡಿಮೆ ಈ ದಾರಿಯಲ್ಲೇ. ಉತ್ತರಾಖಂಡದ ನೀತಿ ಕಣಿವೆಯ ಮಲಾರಿಯಲ್ಲಿ 2019ರಲ್ಲಿ ಸಿಕ್ಕ ಗಿಡವನ್ನು 2021ರಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿದರು. ಬೆಳೆಯುವುದು 3000ರಿಂದ 4800 ಮೀಟರ್ ಎತ್ತರದಲ್ಲಿ. ಆಲಿಯಂ ಪ್ರಜೆವಾಲ್ಸ್ಕಿಯಾನಮ್‌ಗೆ ಹತ್ತಿರದ್ದಾದರೂ ಹೊರಲಕ್ಷಣ ಮತ್ತು ಐಟಿಎಸ್ (ಪ್ರಭೇದ ಗುರುತಿಸಲು ಹೋಲಿಸುವ ಡಿಎನ್‌ಎ ಭಾಗ) ಎರಡರಲ್ಲೂ ಬೇರೆ. ಕಣಿವೆಯವರಿಗೆ ಅದು ಮೊದಲಿಂದಲೂ ಅಡುಗೆಯ ಒಗ್ಗರಣೆ ಸೊಪ್ಪು. ಬಳಸುವವರನ್ನು ಮೊದಲೇ ಕೇಳುವ ರೂಢಿ ಇದ್ದಿದ್ದರೆ ಹೆಸರು ಬೇಗ ಸಿಗುತ್ತಿತ್ತೇನೋ.

ನಮ್ಮ ಗುಡ್ಡದ ಡ್ರಿಮಿಯಾದಲ್ಲೂ ಗಂಟಿದೆ. ಒಂದೇ ಹೆಸರಿನಡಿ ವರ್ಣತಂತುಗಳ ಎರಡು ಸೆಟ್, ಮೂರು ಸೆಟ್, ನಾಲ್ಕು ಸೆಟ್ ಇರುವ ಗಿಡಗಳಿವೆ. ಹಳೆಯ ಹಾಳೆಗಳು ಸಿಲ್ಲಾ, ಅರ್ಜಿನಿಯಾ, ಡ್ರಿಮಿಯಾ ಎಂಬ ಮೂರು ಹೆಸರಿನಲ್ಲಿ ಹಂಚಿಹೋಗಿರುತ್ತವೆ. ಹುಡುಕುವವರು ಮೂರು ಕಪಾಟನ್ನೂ ತೆರೆಯಬೇಕು.