ನಲಿಕಲಿ: ಏಣಿ, ಮೈಲಿಗಲ್ಲು, ತಟ್ಟೆ ಅಂದರೇನು?

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿವರೆಗೆ ಕಲಿಸುವ ಪದ್ಧತಿಯ ಹೆಸರು ನಲಿಕಲಿ. ಕೋಣೆಯೊಳಗೆ ಕಾಲಿಟ್ಟರೆ ಮಕ್ಕಳು ಸಾಲಾಗಿ ಕೂತಿರುವುದಿಲ್ಲ. ಗುಂಪು ಗುಂಪಾಗಿ, ದುಂಡಗೆ ಕೂತಿರುತ್ತಾರೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳೇ ಬರೆದ ಚಿತ್ರಗಳು. ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟಕುವ ಕಪ್ಪು ಹಲಗೆ. ಇದನ್ನು ನೋಡಿದ ಎಷ್ಟೋ ಅಪ್ಪ ಅಮ್ಮಂದಿರು "ಸುಮ್ನೆ ಆಟ ಆಡಿಸ್ತಾರೆ, ಪಾಠಾನೇ ಮಾಡಲ್ಲ" ಅನ್ನುತ್ತಾರೆ. ಆದರೆ ನಲಿಕಲಿಯ ಜೀವ ಇರುವುದು ಹಾಡು, ಬಣ್ಣಗಳಲ್ಲಿ ಅಲ್ಲ. ಪ್ರತಿ ಮಗುವೂ ತನ್ನದೇ ವೇಗದಲ್ಲಿ, ಒಂದು ಹಂತವನ್ನೂ ಬಿಡದೆ ಮುಂದೆ ಹೋಗುವ ಕ್ರಮದಲ್ಲಿದೆ.

ಇದು ಶುರುವಾಗಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ. ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿ ಶಾಲೆಗೆ ಹೋಗಿ, ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಕಾರ್ಡುಗಳಿಂದ ಕಲಿಸುವುದನ್ನು ನೋಡಿ ಬಂದರು. ಆಮೇಲೆ ತಮ್ಮ ಮಕ್ಕಳಿಗೆ ಹೊಂದುವ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು. 2009-10ರ ಹೊತ್ತಿಗೆ ಇದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಮೇಲಿನಿಂದ ಬಂದ ಸುತ್ತೋಲೆಯಿಂದಲ್ಲ, ಶಿಕ್ಷಕರ ಕೈಯಿಂದ ಹುಟ್ಟಿದ ಪದ್ಧತಿ ಅನ್ನುವುದೇ ನನಗೆ ಇದರಲ್ಲಿ ಬಹಳ ಹಿಡಿಸುವ ವಿಷಯ.

ಈಗ ಪದಗಳಿಗೆ ಬರೋಣ. ಒಂದು ವಿಷಯದಲ್ಲಿ ಕಲಿಯಬೇಕಾದದ್ದನ್ನು ಸಣ್ಣ ಸಣ್ಣ ತುಂಡು ಮಾಡಿರುತ್ತಾರೆ. ಒಂದೊಂದು ತುಂಡು ಒಂದು ಮೈಲಿಗಲ್ಲು. ಅವನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿ ಗೋಡೆಗೆ ಹಾಕಿದ ಪಟ್ಟಿಯೇ ಕಲಿಕಾ ಏಣಿ. ಪ್ರತಿ ಮೆಟ್ಟಿಲಿನಲ್ಲೂ ಒಂದು ಚಿತ್ರ, ಅಂದರೆ ಲೋಗೋ, ಮತ್ತು ಕಾರ್ಡಿನ ಸಂಖ್ಯೆ ಇರುತ್ತದೆ. ಇನ್ನೂ ಓದಲು ಬಾರದ ಮಗುವೂ ಚಿತ್ರ ನೋಡಿ ತನ್ನ ಕಾರ್ಡನ್ನು ತಾನೇ ಹುಡುಕಿ ತರುತ್ತದೆ. ಕಾರ್ಡು ತಂದ ಮಗು ಎಲ್ಲಿ ಕೂರಬೇಕು ಅನ್ನುವುದಕ್ಕೆ ತಟ್ಟೆಗಳಿವೆ, ಒಂದೊಂದು ಗುಂಪಿಗೆ ಒಂದೊಂದು. ಒಂದು ತಟ್ಟೆಯ ಸುತ್ತ ಕೂತವರಿಗೆ ಶಿಕ್ಷಕರ ಪೂರ್ತಿ ಸಹಾಯ, ಇನ್ನೊಂದರಲ್ಲಿ ಸ್ವಲ್ಪ ಸಹಾಯ, ಮತ್ತೊಂದರಲ್ಲಿ ಜೊತೆಯ ಮಕ್ಕಳ ಸಹಾಯ. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಟೀಚರ್ ನೆಲದ ಮೇಲೆ, ಯಾರಿಗೆ ಜಾಸ್ತಿ ಬೇಕೋ ಅವರ ಪಕ್ಕದಲ್ಲಿ.

ಓದು ಹೇಗೆ ಶುರುವಾಗುತ್ತದೆ ನೋಡಿ. ಅ ಆ ಇ ಈ ಕ್ರಮದಲ್ಲಿ ಅಲ್ಲ. ಮೊದಲು ರ, ಗ, ಸ, ದ, ಅ. ಬರೆಯಲು ಸುಲಭ, ಬಳಕೆಯೂ ಜಾಸ್ತಿ. ಈ ಐದೇ ಅಕ್ಷರದ ಕಾರ್ಡುಗಳನ್ನು ನೆಲದ ಮೇಲೆ ಹರಡಿಕೊಂಡರೆ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಸಿಗುತ್ತವೆ. ಮಗು ಒಂದೊಂದನ್ನೇ ಎತ್ತಿ ಪಕ್ಕ ಪಕ್ಕ ಇಡುತ್ತದೆ, ಬೆರಳಿಟ್ಟು ಓದುತ್ತದೆ. ಅಕ್ಷರದ ಗೆರೆಯ ಮೇಲೆ ಹುಣಸೆ ಬೀಜ ಜೋಡಿಸುತ್ತದೆ, ಮರಳಿನಲ್ಲಿ ತಿದ್ದುತ್ತದೆ. ಐದನೇ ಅಕ್ಷರ ಮುಗಿಯುವಷ್ಟರಲ್ಲಿ ಮಗು ಪದ ಓದಲು ಶುರು ಮಾಡಿರುತ್ತದೆ. ಆಮೇಲೆ ಜ, ವ, ಮ, ಬ, ನ ಬಂದರೆ ಮರ, ಮನ, ಜನ, ವನ ಕೂಡ ಸೇರಿಕೊಳ್ಳುತ್ತವೆ. ವರ್ಣಮಾಲೆಯ ಕ್ರಮದಲ್ಲೇ ಹೋಗಿದ್ದರೆ ಙ ಞ ಎಲ್ಲ ದಾಟಿ ಇಷ್ಟು ಪದ ಓದಲು ಎಷ್ಟು ಕಾಯಬೇಕಿತ್ತು! ವರ್ಣಮಾಲೆ ಬೇಡ ಅಂತಲ್ಲ. ಅದು ಆಮೇಲೆ ಬರುತ್ತದೆ, ಆಗ ಎಲ್ಲ ಅಕ್ಷರವೂ ಪರಿಚಯದ್ದೇ ಆಗಿರುತ್ತದೆ.

ಗಣಿತದಲ್ಲಿ ನನಗೆ ತುಂಬಾ ಇಷ್ಟವಾದದ್ದು ಕಡ್ಡಿ ಕಟ್ಟು. ಹತ್ತು ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದರೆ ಒಂದು ಹತ್ತು, ಉಳಿದವು ಬಿಡಿ. 34 ಅಂದರೆ ಮೂರು ಕಟ್ಟು, ನಾಲ್ಕು ಬಿಡಿ. ಅದರಲ್ಲಿ 18 ಕಳೆಯಬೇಕು. ಬಿಡಿಯಲ್ಲಿ ಎಂಟು ತೆಗೆಯಲು ಹೋದರೆ ಇರುವುದು ನಾಲ್ಕೇ. ಆಗ ಮಗು ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ತೆಗೆಯುತ್ತದೆ. ಬಿಡಿ ಕಡ್ಡಿ ಹದಿನಾಲ್ಕಾಯಿತು. ಎಂಟು ತೆಗೆದರೆ ಆರು. ಉಳಿದ ಎರಡು ಕಟ್ಟಿನಲ್ಲಿ ಒಂದು ತೆಗೆದರೆ ಒಂದು. ಉತ್ತರ 16. ನಾವೆಲ್ಲ "ಪಕ್ಕದ ಮನೆಯಿಂದ ಸಾಲ ತಗೋ" ಅಂತ ಕಲಿತವರು. ಆ ಸಾಲವನ್ನು ವಾಪಸ್ ಕೊಡಬೇಕಾ ಬೇಡವಾ ಅನ್ನುವ ಗೊಂದಲ ಎಷ್ಟು ಮಕ್ಕಳಿಗಿತ್ತೋ! ಕಟ್ಟು ಬಿಚ್ಚಿದ ಮಗುವಿಗೆ ಆ ಗೊಂದಲ ಇರುವುದಿಲ್ಲ. ಹತ್ತು ಎಲ್ಲಿಂದ ಬಂತು ಅಂತ ಕಣ್ಣೆದುರೇ ಕಂಡಿದೆ. ಮೊದಲು ಕಡ್ಡಿ, ಆಮೇಲೆ ಕಡ್ಡಿಯ ಚಿತ್ರ, ಕೊನೆಗೆ ಬರೀ ಅಂಕಿ. ಈ ಕ್ರಮ ತಪ್ಪಿಸಿ ಮೊದಲ ದಿನವೇ ಅಂಕಿ ಬರೆಸಿದರೆ ಕಡ್ಡಿಗಳು ಬರೀ ಅಲಂಕಾರಕ್ಕೆ ಉಳಿಯುತ್ತವೆ.

ಏಣಿಯ ನಿಜವಾದ ಬೆಲೆ ಗೊತ್ತಾಗುವುದು ಮಗು ಶಾಲೆ ತಪ್ಪಿಸಿದಾಗ. ರಾಯಚೂರು, ಯಾದಗಿರಿ ಕಡೆಯಿಂದ ಅಪ್ಪ ಅಮ್ಮನ ಜೊತೆ ಗುಳೆ ಹೋಗುವ ಮಕ್ಕಳನ್ನೇ ತಗೊಳ್ಳಿ. ತಿಂಗಳುಗಟ್ಟಲೆ ಬಿಟ್ಟು ಬಂದ ಮಗುವಿಗೆ ಮಾಮೂಲಿ ತರಗತಿಯಲ್ಲಿ ಪಾಠ ಎಲ್ಲೋ ಮುಂದೆ ಹೋಗಿಬಿಟ್ಟಿರುತ್ತದೆ. ನಲಿಕಲಿಯಲ್ಲಿ ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಪಕ್ಕದವಳು ಹತ್ತು ಮೆಟ್ಟಿಲು ಮುಂದಿದ್ದರೂ ಪರವಾಗಿಲ್ಲ, ಅವಳೇ ಇವಳಿಗೆ ಹೇಳಿಕೊಡುತ್ತಾಳೆ.

ತೊಂದರೆಗಳೂ ಇವೆ. ಮೂರು ತರಗತಿಗೆ ಒಬ್ಬರೇ ಟೀಚರ್, ಅದರ ಮೇಲೆ ದಾಖಲೆ ಬರೆಯುವ ಕೆಲಸ. ಕಾರ್ಡು ಹರಿದುಹೋದರೆ ಹೊಸದು ಬರುವವರೆಗೆ ಮಕ್ಕಳು ಕಾಯಬೇಕು. ಇನ್ನೊಂದು ಮಾತು. ಕಾರ್ಡಿನಲ್ಲಿರುವುದು ನಾಲ್ಕಾರು ಸಾಲು, ಅಷ್ಟೇ. ಗರಗಸ ಓದಲು ಬಂದ ಮಗುವಿಗೆ ಚಿತ್ರ ಇರುವ ಪುಟ್ಟ ಕಥೆ ಪುಸ್ತಕಗಳು ಕೈಗೆ ಸಿಗಲೇಬೇಕು. ಏಣಿಯನ್ನು ಮಾತ್ರ ನಂಬಿಕೊಂಡರೆ ಓದುವ ರುಚಿ ಹತ್ತುವುದು ಕಷ್ಟ ಅಂತ ನನ್ನ ಅನಿಸಿಕೆ.

ನಿಮ್ಮ ಮಗು ನಲಿಕಲಿಯಲ್ಲಿದ್ದರೆ "ಎಷ್ಟು ಪಾಠ ಆಯ್ತು?" ಅಂತ ಕೇಳಬೇಡಿ, ಅಲ್ಲಿ ಅದಕ್ಕೆ ಉತ್ತರ ಇಲ್ಲ. ಯಾವ ಮೈಲಿಗಲ್ಲು, ಯಾವ ತಟ್ಟೆ ಅಂತ ಕೇಳಿ. ಶಾಲೆಗೆ ಹೋದಾಗ ಪ್ರಗತಿ ನೋಟ ತೋರಿಸಿ ಅನ್ನಿ. ಅದರಲ್ಲಿ ನಿಮ್ಮ ಮಗು ಮುಗಿಸಿದ ಮೈಲಿಗಲ್ಲುಗಳೆಲ್ಲ ಗುರುತಾಗಿರುತ್ತವೆ. ಒಂದೇ ಕಡೆ ತುಂಬಾ ದಿನದಿಂದ ನಿಂತಿದ್ದರೆ, ಆ ಮೆಟ್ಟಿಲಿನಲ್ಲಿ ಏನು ಕಷ್ಟವಾಗಿದೆ ಅಂತ ಟೀಚರ್ ಜೊತೆ ಕೂತು ಮಾತಾಡಿ.