ಗುಡ್ಡ ದಾಟಿ ಬಂದ ಹಾಡು: ಮೀಡಿಯಂ ವೇವ್‌ನಿಂದ ಮೊಬೈಲ್‌ವರೆಗೆ

ಮೂಡಿಗೆರೆಯ ತೋಟದಲ್ಲಿ ಹೊಸ ಹಾಡು ಅರ್ಧಕ್ಕೆ ನಿಂತರೆ ಜನ ಆಪ್ ಸರಿಯಿಲ್ಲ ಎನ್ನುತ್ತಾರೆ. ಆದರೆ ಮಲೆನಾಡಿನಲ್ಲಿ ಯಾವ ಹಾಡು ಹೇಗೆ ಕೇಳಬೇಕು ಎಂಬುದನ್ನು ಗುಡ್ಡ ಮತ್ತು ಮಳೆ ಮೊದಲಿನಿಂದಲೂ ತೀರ್ಮಾನಿಸುತ್ತ ಬಂದಿವೆ.

ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಮೀಡಿಯಂ ವೇವ್ ರೇಡಿಯೋ ಅಲೆಯ ಉದ್ದ ಸುಮಾರು 444 ಮೀಟರ್. ಅಷ್ಟುದ್ದದ ಅಲೆ ಗುಡ್ಡದ ಅಂಚಿನಲ್ಲಿ ಬಾಗಿ ಕಣಿವೆಗೂ ಇಳಿಯುತ್ತದೆ. ಆದರೆ ಮೀಡಿಯಂ ವೇವ್‌ನಲ್ಲಿ ಸ್ಟೇಷನ್‌ಗಳ ನಡುವಿನ ಅಂತರ 9 ಕಿಲೋಹರ್ಟ್ಸ್ ಮಾತ್ರ, ಮೇಲಿನ ಸ್ವರಗಳಿಗೆ ಅದರಲ್ಲಿ ಜಾಗ ಸಾಲದು, ಹಾಗಾಗಿ ತಾಳದ ಕಿಣಿಕಿಣಿ, ತಂಬೂರಿಯ ಝೇಂಕಾರ ಮನೆಗೆ ಮುಟ್ಟುವಷ್ಟರಲ್ಲಿ ಮಂಕಾಗುತ್ತಿದ್ದವು. ಹಾಸನ ಆಕಾಶವಾಣಿಯ 102.2 ಎಫ್‌ಎಂನಲ್ಲಿ 15 ಕಿಲೋಹರ್ಟ್ಸ್‌ವರೆಗಿನ ನಾದ ಬರುತ್ತದೆ. ಅಲೆ 3 ಮೀಟರಿನಷ್ಟು ಗಿಡ್ಡ, ಗುಡ್ಡದ ಮರೆಗೆ ಹೋದೊಡನೆ ಕರಕರ.

ಕೇಳುವ ಹೊತ್ತನ್ನು ಕೇಳುಗನ ಕೈಗೆ ಕೊಟ್ಟಿದ್ದು ಕ್ಯಾಸೆಟ್. ಸಿ-60ರಲ್ಲಿ ಒಂದು ಬದಿಗೆ 30 ನಿಮಿಷ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ವೇಗದಲ್ಲಿ, ಅದನ್ನು ಓದುವ ಹೆಡ್‌ಗೆ ಉಜ್ಜಿಕೊಂಡೇ ಓಡಬೇಕು, ಮಳೆಗಾಲದ ತೊಂದರೆ ಶುರುವಾಗುವುದೇ ಇಲ್ಲಿ. ಥಂಡಿಗೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಅದನ್ನೇ ಹಾಕಿದರೆ ಬೂಷ್ಟು ಹೆಡ್‌ಗೆ ಮೆತ್ತಿಕೊಂಡು ಮೊದಲು ಮೇಲಿನ ಸ್ವರಗಳು ಮಾಯವಾಗುತ್ತವೆ. ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ ಹೆಡ್ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಕ್ಯಾಸೆಟ್ ಹಾಕಬೇಕು. ರಬ್ಬರ್ ರೋಲರ್ ಅಂಟಂಟಾಗಿದ್ದರೆ ಟೇಪು ಅದಕ್ಕೇ ಸುತ್ತಿಕೊಳ್ಳುತ್ತದೆ. ಸ್ವಚ್ಛ ಮಾಡಿದರೂ ದನಿ ಮಂಕಾಗಿದ್ದರೆ ಹೆಡ್ ಪಕ್ಕದ ಸಣ್ಣ ಸ್ಕ್ರೂ ಸಡಿಲಿ ಹೆಡ್ ಓರೆಯಾಗಿದೆಯೇ ನೋಡಿ. ಹಾಡು ನುಡಿಯುತ್ತಿರುವಾಗಲೇ ಆ ಸ್ಕ್ರೂವನ್ನು ತುಸು ತುಸುವೇ ತಿರುಗಿಸಿ, ಎಲ್ಲಿ ದನಿ ಅತಿ ಚುರುಕಾಗಿ ಕೇಳುತ್ತದೋ ಅಲ್ಲಿ ಬಿಡಬೇಕು.

ಆಮೇಲೆ ಬಂತು ಎಂಪಿ3. ಸೆಕೆಂಡಿಗೆ 128 ಕಿಲೋಬಿಟ್ (ಕೆಬಿಪಿಎಸ್) ಲೆಕ್ಕದಲ್ಲಿ 700 ಎಂಬಿಯ ಒಂದು ಸಿಡಿಗೆ ಸುಮಾರು 12 ಗಂಟೆಯ ಹಾಡು. ಮೊಬೈಲ್ ಅಂಗಡಿಯವರು ಅದನ್ನೇ ಮೆಮೊರಿ ಕಾರ್ಡ್‌ಗೆ ತುಂಬಿಕೊಟ್ಟರು. ಕ್ಯಾಸೆಟ್ಟಿನ ಕಾಗದದಲ್ಲಿರುತ್ತಿದ್ದ ಗಾಯಕ, ಸಾಹಿತಿ, ಸಂಗೀತ ನಿರ್ದೇಶಕರ ಹೆಸರುಗಳು ಆಗ ಕಾಣೆಯಾದವು. ಈ ನಷ್ಟ ಸಣ್ಣದಲ್ಲ, ಹಾಡು ಯಾರದ್ದೆಂದು ತಿಳಿಯದೆಯೇ ಒಂದು ತಲೆಮಾರು ಕೇಳಿತು.

ಈಗಿನ ಆಪ್‌ಗಳು ಹಾಡಿನ ಕಟ್ಟಣೆಯನ್ನೇ ಮುಟ್ಟಿವೆ. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರಷ್ಟೇ ಒಂದು ಸಲ ಕೇಳಿದ ಲೆಕ್ಕ. ಆರಂಭದ ಉದ್ದನೆಯ ವಾದ್ಯಸಂಗೀತ ಕುಗ್ಗಿ ಪಲ್ಲವಿ ಬೇಗ ಬರುತ್ತಿರುವುದಕ್ಕೆ ಇದೂ ಒಂದು ಕಾರಣ.

ನೆಟ್‌ವರ್ಕ್ ಬಂದು ಹೋಗುವ ಕಡೆ ಗುಣಮಟ್ಟವನ್ನು ‘ಆಟೋ’ದಲ್ಲಿ ಬಿಟ್ಟರೆ ದನಿ ಮಧ್ಯೆ ಮಧ್ಯೆ ಮಂಕಾಗುತ್ತದೆ. 96 ಕೆಬಿಪಿಎಸ್‌ಗೆ ನಿಲ್ಲಿಸಿದರೆ ಗಂಟೆಗೆ ಸುಮಾರು 43 ಎಂಬಿ, 320ಕ್ಕೆ 144 ಎಂಬಿ. ಚಾರ್ಮಾಡಿ, ಶಿರಾಡಿ ಘಾಟಿ ಇಳಿಯುವವರು ವೈಫೈ ಇರುವಲ್ಲೇ 320ರಲ್ಲಿ ಡೌನ್‌ಲೋಡ್ ಮಾಡಿಕೊಳ್ಳುವುದು ಒಳ್ಳೆಯದು. ಸ್ಪಾಟಿಫೈ ಆದರೆ 30 ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಸೇರಿಸಿ, ಇಲ್ಲವಾದರೆ ಇಳಿಸಿಕೊಂಡ ಹಾಡುಗಳು ನುಡಿಯುವುದಿಲ್ಲ.